ನೂಲು ಸಾಲದ ಮಗ್ಗ

“ಗುರುಗಳೇ, ಕೈ ಚುರುಕಾದವನು ಕೈ ನಿಧಾನವಾದವರ ಜೊತೆ ಏಕೆ ಇರಬೇಕು?”

ಹೀಗೆ ಕೇಳಿದವನು ನಿರ್ವಾಣಪ್ಪ. ಮಠದ ಶಿಷ್ಯರಲ್ಲೆಲ್ಲ ಬೇಗ ಕಲಿಯುವವನು ಅವನೇ. ಉಳಿದವರು ಪಾಠದ ಅರ್ಧಕ್ಕೆ ಬರುವಷ್ಟರಲ್ಲಿ ಅವನಿಗೆ ಪೂರ್ತಿ ಬಾಯಿಗೆ ಬಂದಿರುತ್ತಿತ್ತು. ಗುರುಗಳು ಮಾತ್ರ ಎಲ್ಲರಿಗೂ ಬರುವ ತನಕ ಮುಂದಿನ ಪಾಠ ಎತ್ತುತ್ತಿರಲಿಲ್ಲ. ಅವನ ತಾಳ್ಮೆ ತೀರಿತ್ತು. ಬೇರೆ ಮಠಕ್ಕೆ ಹೋಗುವ ಮನಸ್ಸು ಮಾಡಿ, ಬಟ್ಟೆಯ ಗಂಟು ಕಟ್ಟಿಟ್ಟು, ಅಪ್ಪಣೆ ಬೇಡಲು ಬಂದಿದ್ದ.

ಗುರುಗಳು ದಾಸೋಹದ ಮನೆಯ ಮುಂದೆ ಕೂತು ಬೇಳೆಯಲ್ಲಿನ ಕಲ್ಲು ಆರಿಸುತ್ತಿದ್ದರು. ಅವರು ತಲೆ ಎತ್ತಲಿಲ್ಲ.

“ಹೋಗುವುದಾದರೆ ಹೋಗಪ್ಪ, ತಡೆಯುವುದಿಲ್ಲ. ಮೊರದಲ್ಲಿ ಇನ್ನಿಷ್ಟು ಬೇಳೆ ಇದೆ. ಇದು ಮುಗಿಯುವ ತನಕ ಕೂತು ಒಂದು ಕತೆ ಕೇಳು,” ಎಂದರು.

ನಿರ್ವಾಣಪ್ಪ ಕೂತ. ಗುರುಗಳು ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಮಾಳಿಂಗ ಎಂದು ಅವನ ಹೆಸರು. ಕಂಬಳಿ ನೇಯುವುದು ಕಸುಬು. ಅಪ್ಪ ಕೂತ ಮಗ್ಗದ ಕುಣಿಯಲ್ಲೇ ಕಾಲು ಇಳಿಬಿಟ್ಟು, ಅಪ್ಪ ಎಸೆದ ಲಾಳಿಯನ್ನೇ ಎಸೆಯುತ್ತ ಅವನು ದೊಡ್ಡವನಾಗಿದ್ದ. ಊರಾಚೆಯ ಕುರಿಗಾಹಿ ಉಣ್ಣೆ ಕೊಡುತ್ತಿದ್ದ. ಹೊನ್ನವ್ವ ಎಂಬ ಮುದುಕಿ ಅದನ್ನು ಹಿಂಜಿ ನೂಲುತ್ತಿದ್ದಳು. ಅವಳ ಜಗುಲಿಯ ಮೇಲೆ ಇನ್ನೂ ನಾಲ್ಕೈದು ಹೆಂಗಸರು ರಾಟೆ ಇಟ್ಟುಕೊಂಡು ಕೂರುತ್ತಿದ್ದರು. ಎಲ್ಲರೂ ಗಂಡನಿಲ್ಲದವರು, ಇಲ್ಲವೆ ದಿಕ್ಕಿಲ್ಲದವರು. ನೂಲು ಕೊಟ್ಟರೆ ನೇಕಾರನ ಮನೆಯಿಂದ ಜೋಳ. ಆ ಜೋಳದಿಂದ ಅವರ ಹೊಟ್ಟೆ ನಡೆಯುತ್ತಿತ್ತು.

ಒಂದು ಸಲ ಮಾಳಿಂಗ ದೂರದ ಪೇಟೆಗೆ ಕಂಬಳಿ ಹೊತ್ತು ಹೋದಾಗ ಹತ್ತಿಯ ಬಟ್ಟೆ ನೇಯುವವರ ಮಗ್ಗ ಕಂಡ. ಅವರು ಲಾಳಿಯನ್ನು ಕೈಯಿಂದ ಎಸೆಯುತ್ತಿರಲಿಲ್ಲ. ತಲೆಯ ಮೇಲಿಂದ ಇಳಿಬಿದ್ದ ಹಗ್ಗವನ್ನು ಜಗ್ಗಿದರೆ ಲಾಳಿ ತಾನೇ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ಮಾಳಿಂಗ ಕಂಬಳಿಯ ಹೊರೆ ಇಳಿಸುವುದನ್ನೂ ಮರೆತು ನೋಡುತ್ತ ನಿಂತ.

“ಇದು ಉಣ್ಣೆಗೆ ಆಗುವುದಿಲ್ಲಪ್ಪ,” ಎಂದರು ಅಲ್ಲಿಯವರು. “ನಿಮ್ಮ ನೂಲು ಒರಟು, ನಿಮ್ಮ ಲಾಳಿ ಭಾರ.”

ಆಗುವುದಿಲ್ಲ ಎಂಬ ಮಾತು ಅವನ ತಲೆಯಲ್ಲಿ ಹೊಕ್ಕು ಕೂತಿತು. ಊರಿಗೆ ಬಂದವನೇ ಬಡಗಿಯನ್ನು ಹಿಡಿದ. ಮಳೆಗಾಲವೆಲ್ಲ ಇಬ್ಬರೂ ಕೆತ್ತಿದರು, ಕಟ್ಟಿದರು, ಬಿಚ್ಚಿದರು. ಲಾಳಿ ಒಮ್ಮೆ ನಡುದಾರಿಯಲ್ಲಿ ನಿಂತಿತು. ಒಮ್ಮೆ ಹಾರಿ ಗೋಡೆಗೆ ಬಡಿಯಿತು. ಒಮ್ಮೆ ಹೆಂಡತಿಯ ಅಂಬಲಿಯ ಗಡಿಗೆಯನ್ನೇ ಒಡೆಯಿತು. ಊರವರು ನಕ್ಕರು, ಹೆಂಡತಿ ನಗಲಿಲ್ಲ. ಬೇರೆ ಗಡಿಗೆ ತಂದುಕೊಂಡಳು. ಕೊನೆಗೆ ಒಂದು ಬೆಳಗ್ಗೆ ಲಾಳಿ ಓಡಿತು, ತಿರುಗಿ ಬಂತು, ಮತ್ತೆ ಓಡಿತು. ಮಾಳಿಂಗ ಹೆಂಡತಿಯನ್ನು ಕೂಗಿದ. ಅವಳು ಬಂದು ನೋಡಿದಾಗ ಅವನ ಕಣ್ಣಲ್ಲಿ ನೀರಿತ್ತು.

ಅಲ್ಲಿಂದ ಮುಂದೆ ನಾಲ್ಕು ದಿನದ ಕಂಬಳಿ ಎರಡು ದಿನಕ್ಕೆ ಮಗ್ಗದಿಂದ ಇಳಿಯತೊಡಗಿತು. ಮಾಳಿಂಗ ಮಗ್ಗದ ಸುತ್ತ ಹಳೆಯ ಸೀರೆ ಕಟ್ಟಿ ಮರೆ ಮಾಡಿದ. ಊರಿನಲ್ಲಿ ಇನ್ನೂ ಮೂವರು ನೇಕಾರರಿದ್ದರು. ತಾನು ಮಳೆಗಾಲವಿಡೀ ಪಟ್ಟ ಪಾಡು ಇನ್ನೊಬ್ಬನ ಮನೆಗೆ ಸುಮ್ಮನೆ ನಡೆದುಹೋಗುವುದು ಅವನಿಗೆ ಬೇಕಿರಲಿಲ್ಲ. ಅದನ್ನು ತಪ್ಪೆಂದು ಯಾರೂ ಹೇಳುವಂತಿರಲಿಲ್ಲ.

ಅವನು ಪೇಟೆಯ ಸಾಹುಕಾರನ ಅಂಗಡಿಗೆ ಹೋಗಿ ಮಾತು ಕೊಟ್ಟ. “ಚಳಿ ಹುಟ್ಟುವ ಮೊದಲು ವರ್ಷವರ್ಷದ ಎರಡರಷ್ಟು ಕಂಬಳಿ ತಂದುಹಾಕುತ್ತೇನೆ.” ಸಾಹುಕಾರ ಆ ಮಾತನ್ನು ನಂಬಿ, ಬೆಟ್ಟದ ಮೇಲಿನ ಊರುಗಳಿಗೆ ತಾನೂ ಮಾತು ಕೊಟ್ಟ.

ಮಾತು ಕೊಟ್ಟು ಬಂದ ವಾರವೇ ನೂಲು ತೀರಿತು.

ಮಾಳಿಂಗ ಇದನ್ನು ಯೋಚಿಸಿಯೇ ಇರಲಿಲ್ಲ. ಅವನ ಅಪ್ಪನ ಕಾಲದಿಂದ ನೂಲು ಮನೆಯ ಬಾಗಿಲಿಗೆ ಬರುತ್ತಿತ್ತು. ಮಗ್ಗ ತಿನ್ನುವಷ್ಟು ಬರುತ್ತಿತ್ತು, ಬಂದಷ್ಟನ್ನು ಮಗ್ಗ ತಿನ್ನುತ್ತಿತ್ತು. ಈಗ ಮಗ್ಗದ ಹಸಿವು ಎರಡರಷ್ಟಾಗಿತ್ತು, ಹೊನ್ನವ್ವನ ಕೈ ಮೊದಲಿನಷ್ಟೇ ಇತ್ತು. ಎರಡು ದಿನ ನೇಯುವುದು, ಎರಡು ದಿನ ಬಾಗಿಲು ನೋಡುತ್ತ ಕೂರುವುದು. ಅದೂ ಸಾಲದೆಂಬಂತೆ ನೂಲು ಕಡಿಯುತ್ತಿತ್ತು. ಕೈಯಿಂದ ಲಾಳಿ ಎಸೆಯುವಾಗ ದಪ್ಪ ಎಲ್ಲಿ, ತೆಳು ಎಲ್ಲಿ ಎಂಬುದು ಬೆರಳಿಗೆ ತಿಳಿಯುತ್ತಿತ್ತು. ತೆಳು ಬಂದಲ್ಲಿ ಕೈ ಮೆದುವಾಗುತ್ತಿತ್ತು. ಹಗ್ಗಕ್ಕೆ ಆ ದಯೆ ಇರಲಿಲ್ಲ. ಜಗ್ಗಿದರೆ ಜಗ್ಗಿತು, ಕಡಿದರೆ ಕಡಿಯಿತು. ಕಂಬಳಿಯ ತುಂಬ ಗಂಟು.

ಅವನು ಸಿಟ್ಟಿನಿಂದ ಹೊನ್ನವ್ವನ ಜಗುಲಿಗೆ ಹೋದ. ಮೇಲೆ ಹತ್ತಲಿಲ್ಲ, ಬೀದಿಯಲ್ಲೇ ನಿಂತ.

“ಅತ್ತೆ, ನಿಮ್ಮ ಕೈ ನನ್ನ ಮಗ್ಗಕ್ಕೆ ಸಾಲದು. ಕೊಡುವುದೂ ತಡ, ಕೊಟ್ಟದ್ದೂ ನಿಲ್ಲುವುದಿಲ್ಲ. ನಾನು ಬೇರೆ ಕಡೆಯಿಂದ ತರಿಸಿಕೊಳ್ಳುತ್ತೇನೆ.”

ನೂಲುತ್ತಿದ್ದ ಹೆಂಗಸರ ಕೈಗಳು ನಿಂತವು. ಹೊನ್ನವ್ವ ಎದ್ದು ಒಳಗೆ ಹೋಗಿ, ಒಂದು ನೂಲಿನ ಉಂಡೆ ತಂದು ಅವನ ಕೈಯಲ್ಲಿಟ್ಟಳು.

“ಇದೂ ನಿನ್ನದೇ ಉಣ್ಣೆಯದು ಮಗಾ, ತೊಗೊಂಡು ಹೋಗು,” ಎಂದಳು.

ಅವಳು ಅತ್ತಿದ್ದರೆ ಅಥವಾ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮಾಳಿಂಗ ಸುತ್ತಲಿನ ಊರುಗಳನ್ನು ಅಲೆದ. ಒಂದೂರಿನಲ್ಲಿ ನೂಲುವವರು ತಮ್ಮ ನೇಕಾರರಿಗೇ ಸಾಲದೆಂದು ಕೈ ಅಲ್ಲಾಡಿಸಿದರು. ಇನ್ನೊಂದೂರಿನಲ್ಲಿ ಒಂದು ಹೊರೆ ನೂಲು ಸಿಕ್ಕಿತು. ಹೊತ್ತು ತಂದು ಮಗ್ಗಕ್ಕೆ ಏರಿಸಿದ. ಅದು ಹೊನ್ನವ್ವನ ನೂಲಿಗಿಂತ ಹೆಚ್ಚು ಕಡಿಯಿತು. ದಿನವಿಡೀ ನೇಯ್ದದ್ದಕ್ಕಿಂತ ಗಂಟು ಹಾಕಿದ್ದೇ ಹೆಚ್ಚಾಯಿತು. ಇಷ್ಟು ಒಳ್ಳೆಯ ಮಗ್ಗ ಮಾಡಿಕೊಂಡು ತಾನು ಮೊದಲಿಗಿಂತ ಕಡಿಮೆ ನೇಯುತ್ತಿದ್ದೇನೆ ಎಂಬುದು ಅವನಿಗೆ ಅರ್ಥವೇ ಆಗಲಿಲ್ಲ. ಲೋಕವೆಲ್ಲ ನಿಧಾನ, ತಾನೊಬ್ಬನೇ ಚುರುಕು ಎಂದುಕೊಂಡ. ಹಾಗೆ ಅಂದುಕೊಂಡದ್ದರಿಂದ ನೂಲೇನೂ ಬರಲಿಲ್ಲ.

ಅತ್ತ ಜಗುಲಿಯ ರಾಟೆಗಳು ನಿಂತಿದ್ದವು. ಮಾಳಿಂಗನ ಹೆಂಡತಿ ನೀರಿಗೆ ಹೋದಾಗ ಆ ಹೆಂಗಸರು ಮುಖ ತಿರುಗಿಸಲಿಲ್ಲ, ಮಾತೂ ಆಡಲಿಲ್ಲ. ಮನೆಗೆ ಬಂದವಳು ಒಂದು ಮೊರ ಜೋಳ ತುಂಬಿಕೊಂಡು ಹೊನ್ನವ್ವನ ಮನೆಗೆ ಹೋದಳು. ಹೋದ ಹಾಗೆಯೇ ತುಂಬಿದ ಮೊರ ಹೊತ್ತು ಹಿಂದಿರುಗಿದಳು.

“ಯಾಕೆ, ಮನೆಯಲ್ಲಿರಲಿಲ್ಲವೆ?” ಎಂದು ಕೇಳಿದ ಮಾಳಿಂಗ.

“ಇದ್ದರು. ನೂಲು ಕೊಟ್ಟ ದಿನ ತೊಗೊಳ್ಳುತ್ತೇನೆ ತಾಯಿ, ಅಂದರು.” ಅವಳು ಮೊರವನ್ನು ಕೆಳಗಿಟ್ಟಳು. “ನಿನ್ನ ಮಗ್ಗವನ್ನು ನೀನು ಮಳೆಗಾಲವೆಲ್ಲ ನೋಡಿದೆ. ಅವರ ರಾಟೆಯನ್ನು ಒಂದು ಗಳಿಗೆಯಾದರೂ ಕೂತು ನೋಡಿದ್ದೀಯಾ?”

ನೋಡಿರಲಿಲ್ಲ. ಹುಟ್ಟಿದಾಗಿನಿಂದ ಅದೇ ಬೀದಿಯಲ್ಲಿ ಓಡಾಡಿದ್ದ. ಜಗುಲಿಯ ಮೇಲೆ ರಾಟೆಗಳಿವೆ ಎಂಬುದು ಗೊತ್ತಿತ್ತು, ಅಷ್ಟೆ.

ಮರುದಿನ ಬೆಳಗ್ಗೆ ಅವನು ಹೋಗಿ ಜಗುಲಿ ಹತ್ತಿ ಕೂತ. ಏಕೆ ಬಂದೆ ಎಂದು ಹೊನ್ನವ್ವ ಕೇಳಲಿಲ್ಲ. ಒಳಗಿಂದ ಒಂದು ಬಟ್ಟಲು ಮಜ್ಜಿಗೆ ತಂದು ಮುಂದಿಟ್ಟಳು. ಆಮೇಲೆ ಉಳಿದಿದ್ದ ಸ್ವಲ್ಪ ಉಣ್ಣೆಯನ್ನು ಮಡಿಲಿಗೆ ಹಾಕಿಕೊಂಡು ತನ್ನ ಕೆಲಸಕ್ಕೆ ತೊಡಗಿದಳು.

ಮಾಳಿಂಗ ರಾಟೆ ತಿರುಗುವುದನ್ನು ಕಾದ. ಹೊತ್ತು ನೆತ್ತಿಗೆ ಬಂದರೂ ರಾಟೆ ತಿರುಗಲಿಲ್ಲ. ಅವಳು ಉಣ್ಣೆಯಲ್ಲಿನ ಮುಳ್ಳು ಆರಿಸುತ್ತಿದ್ದಳು. ನೆಗ್ಗಿಲ ಮುಳ್ಳು, ಹುಲ್ಲಿನ ಕಡ್ಡಿ, ಒಣಗಿದ ಹಿಕ್ಕೆ, ಕೆಸರಿನ ಹೆಂಟೆ. ಒಂದೊಂದನ್ನೂ ಬೆರಳಿನಿಂದ ಬಿಡಿಸಿ ತೆಗೆಯಬೇಕು. ತೆಗೆಯುವಾಗ ಉಣ್ಣೆಯ ಎಳೆಯೂ ಹರಿಯುತ್ತಿತ್ತು. ಹರಿದ ಎಳೆ ಸೇರಿದಲ್ಲಿ ನೂಲು ತೆಳುವಾಗುತ್ತದೆ. ತನ್ನ ಮಗ್ಗದಲ್ಲಿ ಕಡಿಯುವ ಜಾಗ ಯಾವುದು ಎಂಬುದು ಅವನಿಗೆ ಅಲ್ಲಿ ಕಾಣಿಸಿತು.

ಅವನೂ ಒಂದು ಹಿಡಿ ಉಣ್ಣೆ ಎಳೆದುಕೊಂಡು ಆರಿಸತೊಡಗಿದ. ಸ್ವಲ್ಪ ಹೊತ್ತಿಗೇ ಹೆಬ್ಬೆರಳಿಗೆ ಮುಳ್ಳು ಮುರಿಯಿತು. ಹೊನ್ನವ್ವ ಸೂಜಿ ತಂದು, ಅವನ ಕೈಯನ್ನು ತನ್ನ ಮೊಣಕಾಲಿನ ಮೇಲಿಟ್ಟುಕೊಂಡು, ಕಣ್ಣು ಕಿರಿದು ಮಾಡಿ ಮುಳ್ಳು ತೆಗೆದಳು. ಅವಳ ಬೆರಳ ತುದಿಗಳೆಲ್ಲ ಬಿರಿದು ಕಪ್ಪಗಾಗಿದ್ದವು.

“ಇಷ್ಟು ದಿನ ಯಾಕೆ ಹೇಳಲಿಲ್ಲ ಅತ್ತೆ?”

“ನೀನು ನೂಲು ಕೇಳಿದೆ, ನೂಲು ಕೊಟ್ಟೆ. ಮುಳ್ಳಿನ ಸುದ್ದಿ ನೀನು ಯಾವಾಗ ಕೇಳಿದೆ ಮಗಾ?”

ಮಾಳಿಂಗ ಅವಳ ಕಾಲು ಮುಟ್ಟಿದ. ಅವಳು ಅವನ ತಲೆಯ ಮೇಲೆ ಕೈಯಿಟ್ಟು, “ಮೊದಲು ಮಜ್ಜಿಗೆ ಕುಡಿ, ಹುಳಿಯಾಗುತ್ತದೆ,” ಎಂದಳು.

ಅಂದಿನಿಂದ ಅವನು ದಿನವೂ ಜಗುಲಿಗೆ ಬಂದ. ಒಂದು ದಿನ ಅವಳು ನೂಲುವುದನ್ನು ನೋಡುತ್ತಿದ್ದಾಗ ಅವನಿಗೆ ಒಂದು ಮಾತು ಹೊಳೆಯಿತು. ಅವಳ ಬಲಗೈ ರಾಟೆ ತಿರುಗಿಸುತ್ತಿತ್ತು, ಎಡಗೈಯೊಂದೇ ನೂಲು ಎಳೆಯುತ್ತಿತ್ತು. ಮಗ್ಗದಲ್ಲಿ ಕಾಲೂ ದುಡಿಯುತ್ತದೆ. ಇಲ್ಲಿ ಕಾಲು ಸುಮ್ಮನೆ ಮಡಿಚಿಕೊಂಡು ಕೂತಿದೆ. ಅವನು ಮತ್ತೆ ಬಡಗಿಯನ್ನು ಕರೆತಂದ. ಇಬ್ಬರೂ ಸೇರಿ ರಾಟೆಗೆ ಕಾಲಿನಿಂದ ತುಳಿಯುವ ಹಲಗೆಯೊಂದನ್ನು ಕಟ್ಟಿದರು.

ಹೊನ್ನವ್ವ ಹೆದರಿದಳು. “ಈ ವಯಸ್ಸಿನಲ್ಲಿ ನನ್ನ ಕಾಲಿಗೆ ಏನು ಕಲಿಸುತ್ತೀಯೋ?” ಎಂದಳು. ಮೊದಲ ದಿನಗಳಲ್ಲಿ ನೂಲೆಲ್ಲ ಮುರುಟಿಕೊಂಡಿತು. ಅವಳು ನಗುತ್ತಿದ್ದಳು, ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಾಳಿಂಗ ಬೇಸರಪಡಲಿಲ್ಲ. ತನ್ನ ಲಾಳಿ ಗೋಡೆಗೆ ಬಡಿದ ಕತೆ ಹೇಳಿದ, ಅಂಬಲಿಯ ಗಡಿಗೆಯ ಕತೆ ಹೇಳಿದ. ನಿಧಾನವಾಗಿ ಅವಳ ಕಾಲಿಗೆ ತಾಳ ಸಿಕ್ಕಿತು. ಎರಡು ಕೈಯೂ ಬಿಡುವಾದ ಮೇಲೆ ನೂಲು ಒಂದೇ ಸಮ ಬರತೊಡಗಿತು.

ಒಂದು ದಿನ ಅವಳು ಅವನ ಮನೆಗೆ ಬಂದಳು. ಮಾಳಿಂಗ ಕಟ್ಟಿದ ಸೀರೆಯನ್ನು ಒತ್ತರಿಸಿ ಮಗ್ಗ ತೋರಿಸಿದ. ಅವಳು ಮಗ್ಗಕ್ಕಿಂತ ಅಂಗಳದಲ್ಲಿ ಬಿಸಿಲಿಗೆ ಹರವಿದ ನೂಲನ್ನೇ ನೋಡಿದಳು.

“ಇದನ್ನು ಯಾಕೆ ಹೀಗೆ ಸುಡುತ್ತೀಯಾ? ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿ ಇಡಬಾರದೇ? ಉಣ್ಣೆಗೆ ತೇವ ಬೇಕು. ತೇವ ಆರಿದರೆ ಬಿಗಿತ ತಾಳುವುದಿಲ್ಲ.”

ಅವನು ಹಾಗೆ ಮಾಡಿದ. ನೂಲು ಕಡಿಯುವುದು ಅರ್ಧಕ್ಕರ್ಧ ಕಡಿಮೆಯಾಯಿತು.

ಮುಳ್ಳು ಮಾತ್ರ ಉಳಿದಿತ್ತು. ಒಂದು ಬೆಳಗ್ಗೆ ಇಬ್ಬರೂ ಕುರಿಗಾಹಿಯ ಹಟ್ಟಿಗೆ ನಡೆದರು. ಕುರಿಗಾಹಿ ಒಳ್ಳೆಯವನು, ಮಾತು ಮಾತ್ರ ಒರಟು.

“ಕುರಿ ಮೇಯುವುದು ಬೀಳಿನಲ್ಲಿ, ಹೂವಿನ ತೋಟದಲ್ಲಲ್ಲ,” ಎಂದ. “ಮುಳ್ಳು ಇರುತ್ತದೆ. ಬೇಕಾದರೆ ತೊಗೊಳ್ಳಿ, ಬೇಡವಾದರೆ ಬಿಡಿ.”

ಉಣ್ಣೆಯನ್ನು ತೂಕಕ್ಕೆ ಕೊಡುವುದು ರೂಢಿ. ಮುಳ್ಳಿಗೂ ತೂಕವಿದೆ, ಮಣ್ಣಿಗೂ ತೂಕವಿದೆ. ಅದು ಮೂವರಿಗೂ ಗೊತ್ತಿತ್ತು.

ಅಷ್ಟರಲ್ಲಿ ಕುರಿಗಾಹಿಯ ಮಗಳು ಬಂದವರಿಗೆ ಬಿಸಿ ಹಾಲು ತಂದಳು. ಆಗ ಅವಳಿಗೆ ಬಸಿರು ಕಾಣತೊಡಗಿತ್ತಷ್ಟೆ. ಹೊನ್ನವ್ವ ಬಟ್ಟಲು ಹಿಡಿಯಹೋಗಿ ಕೈ ಹಿಂದಕ್ಕೆ ತೆಗೆದಳು. ಬಿರಿದ ಬೆರಳಿಗೆ ಬಿಸಿ ತಾಕಿತ್ತು. ಸೆರಗನ್ನು ಸುತ್ತಿಕೊಂಡು ಮತ್ತೆ ಹಿಡಿದಳು.

“ಕೈಗೆ ಏನಾಯಿತಬೇ?” ಎಂದ ಕುರಿಗಾಹಿ.

“ಏನೂ ಇಲ್ಲಪ್ಪ. ನಿನ್ನ ಕುರಿ ದಾರಿಯಲ್ಲಿ ತುಳಿದದ್ದೆಲ್ಲ ನನ್ನ ಮನೆಗೆ ಬರುತ್ತದೆ,” ಎಂದು ಅವಳು ನಕ್ಕಳು. ಅದರಲ್ಲಿ ದೂರು ಇರಲಿಲ್ಲ. ಹಾಲು ಕುಡಿದು, ಹುಡುಗಿಯ ಹೊಟ್ಟೆ ನೋಡಿ, ಯಾವ ತಿಂಗಳು ಎಂದು ವಿಚಾರಿಸಿದಳು.

ಕುರಿಗಾಹಿ ಅವಳ ಬೆರಳುಗಳನ್ನು ನೋಡಿದ. ಆಮೇಲೆ ತಾನೇ ಬಾಯಿಬಿಟ್ಟ. “ಉಣ್ಣೆ ಕತ್ತರಿಸುವ ಮೊದಲು ಕೆರೆಯಲ್ಲಿ ಕುರಿ ತೊಳೆದರೆ ಅರ್ಧ ಹೋಗುತ್ತದೆ. ತೊಳೆದ ಮೇಲೆ ಬೀಳಿಗೆ ಬಿಡದೆ ಕೆರೆಯ ಅಂಚಿನಲ್ಲೇ ಮೇಯಿಸಿದರೆ ಇನ್ನರ್ಧ ಬರುವುದೇ ಇಲ್ಲ. ನನ್ನ ಅಜ್ಜ ಹಾಗೆ ಮಾಡುತ್ತಿದ್ದನಂತೆ. ಒಬ್ಬನೇ ಎಷ್ಟು ಕುರಿ ತೊಳೆಯಲಿ?”

“ನಾವೆಲ್ಲ ಬರುತ್ತೇವೆ,” ಎಂದಳು ಹೊನ್ನವ್ವ.

“ತೊಳೆದ ಉಣ್ಣೆಯ ತೂಕ ಇಳಿಯುತ್ತದೆ ಮಾವ, ನನಗೆ ಗೊತ್ತು,” ಎಂದ ಮಾಳಿಂಗ. “ಇಳಿದದ್ದನ್ನು ನಾನು ಕಂಬಳಿಯಲ್ಲಿ ತುಂಬಿಕೊಡುತ್ತೇನೆ.”

ಹಾಗೆ ಒಂದು ದಿನ ಆ ಕೆರೆಯ ನೀರಿಗೆ ಇಡೀ ಹಿಂಡು ಇಳಿಯಿತು. ಮಾಳಿಂಗ, ಅವನ ಹೆಂಡತಿ, ಜಗುಲಿಯ ಹೆಂಗಸರು, ಕುರಿಗಾಹಿಯ ಮನೆಯವರು ಎಲ್ಲರೂ ಸೊಂಟಮಟ್ಟ ನೀರಿನಲ್ಲಿ ನಿಂತು ಒಂದೊಂದೇ ಕುರಿಯನ್ನು ಉಜ್ಜಿ ತೊಳೆದರು. ಮೈಗೆ ನೀರು ಬಿದ್ದ ಕುರಿಗಳು ಅರಚಿದವು. ಒಬ್ಬ ಹೆಂಗಸನ್ನು ಟಗರು ನೀರಿಗೆ ಕೆಡವಿತು. ಅವಳು ಎದ್ದು ಅದರ ಕಿವಿ ಹಿಡಿದು ಇನ್ನೊಂದು ಸಲ ಮುಳುಗಿಸಿದಳು. ಎಷ್ಟೋ ದಿನಗಳಿಂದ ನಗದಿದ್ದವರು ಆ ದಿನ ನಕ್ಕರು. ಬಿಸಿಲಿಗೆ ನಿಂತು ಮೈ ಆರಿದ ಹಿಂಡು ದೂರದಿಂದ ನೋಡಿದರೆ ಬೇರೆ ಯಾರದೋ ಹಿಂಡು ಅನಿಸುತ್ತಿತ್ತು.

ಕುರಿಗಾಹಿ ಎಣಿಸದೇ ಇದ್ದದ್ದು ಇನ್ನೊಂದು ಆಯಿತು. ತೊಳೆದ ಕುರಿಗಳ ಮೈಯಿಂದ ಉಣ್ಣಿಗಳೂ ಉದುರಿಹೋಗಿದ್ದವು. ರಕ್ತ ಹೀರುವ ಉಣ್ಣಿ ಹೋದ ಮೇಲೆ ಕುರಿ ಮೈಹಿಡಿದವು. ಈಯುವ ಕಾಲಕ್ಕೆ ಹಾಲು ಹೆಚ್ಚಾಗಿ, ಪ್ರತಿ ವರ್ಷ ಸಾಯುತ್ತಿದ್ದ ಮರಿಗಳಲ್ಲಿ ಹೆಚ್ಚಿನವು ಬದುಕಿದವು. “ಉಣ್ಣೆಗೆ ಅಂತ ತೊಳೆದೆವು, ಉಣ್ಣಿಯೇ ಹೋಯಿತಲ್ಲೋ!” ಎಂದು ಅವನು ಸಿಕ್ಕಸಿಕ್ಕವರಿಗೆ ಹೇಳಿದ. ಪಕ್ಕದ ಹಟ್ಟಿಗಳವರೂ ಕುರಿ ಹೊಡೆದುಕೊಂಡು ಕೆರೆಗೆ ಬರತೊಡಗಿದರು.

ಆ ವರ್ಷ ಸಾಹುಕಾರನಿಗೆ ಹೇಳಿದಷ್ಟು ಕಂಬಳಿ ಕೊಡಲು ಮಾಳಿಂಗನಿಂದ ಆಗಲಿಲ್ಲ. ಚಳಿ ಮೊದಲೇ ಬಂತು. ನೇಯ್ದದ್ದನ್ನು ಹೊತ್ತು ಹೋಗಿ ತಲೆ ತಗ್ಗಿಸಿ ನಿಂತ. ಸಾಹುಕಾರ ಬೈದ. ಬೈಯುತ್ತಲೇ ಕಂಬಳಿಯ ಮೇಲೆ ಕೈಯಾಡಿಸಿದ. ಕೈ ಅಲ್ಲೇ ನಿಂತಿತು. ಮತ್ತೊಂದು ಕಂಬಳಿ ಬಿಡಿಸಿದ, ಅದನ್ನೂ ಸವರಿದ. “ಉಳಿದದ್ದನ್ನು ಬರುವ ವರ್ಷ ತಾ. ಬೆಟ್ಟದವರಿಗೆ ನಾನು ಹೇಳಿಕೊಳ್ಳುತ್ತೇನೆ,” ಎಂದ.

ಚಳಿ ಕಳೆಯುವಷ್ಟರಲ್ಲಿ ನೂಲಿನ ಬರ ನೀಗಿತ್ತು. ಜಗುಲಿಯ ಹೆಂಗಸರೆಲ್ಲರ ರಾಟೆಗೂ ತುಳಿಯುವ ಹಲಗೆ ಬಂದಿತ್ತು. ಅವನ್ನು ಮಾಡಿಸಿದ್ದು ಮಾಳಿಂಗನಲ್ಲ.

“ಎಲ್ಲರಿಗೂ ತೋರಿಸಿಬಿಟ್ಟಿರಾ ಅತ್ತೆ?” ಎಂದು ಕೇಳಿದ. ಧ್ವನಿಯಲ್ಲಿ ಸ್ವಲ್ಪ ನೋವಿತ್ತು.

“ತೋರಿಸುವುದೇನು ಬಂತು? ಒಂದೇ ಜಗುಲಿಯ ಮೇಲೆ ಕೂತಿದ್ದೇವೆ. ಕಣ್ಣು ಮುಚ್ಚಿಕೊಳ್ಳಿ ಅನ್ನಲೇ?”

ಈಗ ನೂಲು ಅವನ ಮಗ್ಗಕ್ಕೆ ಮಿಕ್ಕಿತು. ಮೂಲೆಯಲ್ಲಿ ಉಂಡೆಗಳು ಬೆಳೆದವು. ಊರಿನ ಉಳಿದ ಮೂರು ಮಗ್ಗ ಹಳೆಯ ಹೆಜ್ಜೆಯಲ್ಲೇ ನಡೆಯುತ್ತಿದ್ದವು; ಮಿಕ್ಕ ನೂಲನ್ನು ಅವು ತಿನ್ನುವಂತಿರಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಹೊನ್ನವ್ವನಿಗೆ ತಾನೇ ಹೋಗಿ, ಸಾಕು ನಿಲ್ಲಿಸಿ ಎನ್ನಬೇಕಾಗುತ್ತಿತ್ತು. ಆ ಮಾತನ್ನು ಅವನು ಒಮ್ಮೆ ಬೀದಿಯಲ್ಲಿ ನಿಂತು ಆಡಿದ್ದ. ಎರಡನೆಯ ಸಲ ಆಡುವ ಶಕ್ತಿ ಅವನಲ್ಲಿರಲಿಲ್ಲ.

ಅವನು ಮಗ್ಗದ ಮುಂದೆ ಬಹಳ ಹೊತ್ತು ನಿಂತಿದ್ದ. ಒಡೆದ ಗಡಿಗೆ, ಊರವರ ನಗು, ಲಾಳಿ ಮೊದಲ ಸಲ ತಿರುಗಿ ಬಂದ ಆ ಬೆಳಗು ಎಲ್ಲವೂ ನೆನಪಾದವು. ಕೊಡುವುದು ಸುಲಭವಾಗಿರಲಿಲ್ಲ. ಸುಲಭವಾಗಿತ್ತು ಎಂದು ನಾನು ಹೇಳಿದರೆ ಕತೆ ಸುಳ್ಳಾಗುತ್ತದೆ. ಆಮೇಲೆ ಅವನು ಸೀರೆಯ ಗಂಟು ಬಿಚ್ಚಿದ. ಮೂವರು ನೇಕಾರರ ಮನೆಗೆ ತಾನೇ ಹೋಗಿ, “ಬಂದು ನೋಡಿ,” ಎಂದ.

ಅವರು ಬಂದರು, ನೋಡಿದರು. ಮೂವರಲ್ಲಿ ಒಬ್ಬ ಹಗ್ಗವನ್ನು ನಾಲ್ಕಾರು ಸಲ ಜಗ್ಗಿ ನೋಡಿ, “ಲಾಳಿ ಬಂದು ನಿಲ್ಲುವ ಈ ಗೂಡಿಗೆ ಒಳಗಿಂದ ತೊಗಲು ಹೊಡೆದರೆ ಲಾಳಿ ಪುಟಿಯುವುದಿಲ್ಲ ಅಲ್ಲವೆ?” ಎಂದ. ಮಾಳಿಂಗನಿಗೆ ಅದು ತೋಚಿರಲಿಲ್ಲ. ತೊಗಲು ಹೊಡೆದರು. ಲಾಳಿ ಸದ್ದಿಲ್ಲದೆ ಓಡಿತು.

ಸ್ವಲ್ಪ ಕಾಲದ ಮೇಲೆ ಕುರಿಗಾಹಿ ಮಾಳಿಂಗನ ಬಾಗಿಲಿಗೆ ಬಂದ. ಮಗಳು ಹೆಣ್ಣುಮಗು ಹೆತ್ತಿದ್ದಳು.

“ಒಂದು ಸಣ್ಣ ಕಂಬಳಿ ಬೇಕಿತ್ತು,” ಎಂದ ಸಂಕೋಚದಿಂದ. “ಕೂಸಿಗೆ.”

ಆ ಸೀಮೆಯಲ್ಲಿ ಹಸುಗೂಸಿಗೆ ಯಾರೂ ಕಂಬಳಿ ಸುತ್ತುತ್ತಿರಲಿಲ್ಲ. ಚುಚ್ಚುತ್ತದೆ ಎಂದು ಮೊದಲು ಹಳೆಯ ಸೀರೆ ಸುತ್ತಿ, ಅದರ ಮೇಲೆ ಕಂಬಳಿ ಹೊದಿಸುತ್ತಿದ್ದರು. ಹೊನ್ನವ್ವ ಮರಿಕುರಿಗಳ ಮೊದಲ ಉಣ್ಣೆ ಆರಿಸಿ ನೂತಳು. ಮಾಳಿಂಗ ನೇಯ್ದ. ಅವನ ಹೆಂಡತಿ ಅಂಚು ಹೊಲಿದಳು. ಮೂವರೂ ಅದನ್ನು ಹಟ್ಟಿಗೆ ಒಯ್ದರು.

ಬಾಣಂತಿ ಕಂಬಳಿಯನ್ನು ಕೆನ್ನೆಗೆ ಒತ್ತಿ ನೋಡಿಕೊಂಡಳು. ಆಮೇಲೆ ಕೂಸಿಗೆ ಸುತ್ತಿದ್ದ ಸೀರೆಯನ್ನು ಬಿಚ್ಚಿ, ಬರಿಯ ಮೈಗೇ ಕಂಬಳಿ ಸುತ್ತಿದಳು. ಎಲ್ಲರೂ ಉಸಿರು ಹಿಡಿದು ನೋಡಿದರು. ಕೂಸು ಮುಖ ಕಿವುಚಿತು, ಬಾಯಿ ತೆರೆಯಿತು. ಆಕಳಿಸಿ ನಿದ್ದೆಹೋಯಿತು.

ಕುರಿಗಾಹಿ ಆ ಕಡೆ ತಿರುಗಿ ನಿಂತು ಮೂಗು ಒರೆಸಿಕೊಂಡ. ಹೊನ್ನವ್ವ ಕೂಸಿನ ಹಣೆ ಸವರಿದಳು. ಅವಳ ಬೆರಳುಗಳಲ್ಲಿ ಬಿರುಕು ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮೊರದ ಬೇಳೆ ಮುಗಿಯುತ್ತ ಬಂದಿತ್ತು.

ನಿರ್ವಾಣಪ್ಪನ ಮನಸ್ಸು ಕರಗಿತ್ತು. “ಆ ನೇಕಾರ ದೊಡ್ಡ ಮನಸ್ಸಿನವನು, ಗುರುಗಳೇ,” ಎಂದ. “ತಾನು ಅಷ್ಟು ಮುಂದೆ ಹೋಗಿದ್ದರೂ ಹಿಂದೆ ಉಳಿದವರಿಗಾಗಿ ತಿರುಗಿ ಬಂದ.”

ಗುರುಗಳು ಕೊನೆಯ ಕಲ್ಲನ್ನು ತೆಗೆದು ಪಕ್ಕಕ್ಕಿಟ್ಟರು.

“ಅವನು ಮುಂದೆ ಎಲ್ಲಿ ಹೋಗಿದ್ದ ಮಗೂ? ನೂಲಿಗಿಂತ ಮುಂದೆ ಹುಟ್ಟಿದ ಕಂಬಳಿಯನ್ನು ನೀನು ಎಲ್ಲಿ ಕಂಡೆ?”